ನೂರು ಸಿನಿಮಾ ಬೇಡ, ಹತ್ತು ಹನ್ನೆರಡು ಸಾಕು: ಸಿನಿಮಾ ಶಾಲೆಯ ಮೇಷ್ಟ್ರುಗಳಿಗೆ ಒಂದು ಬಹಿರಂಗ ಪತ್ರ

ಸಿನಿಮಾ ಕಲಿಸುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಮಸ್ಕಾರ.

ನಾನೊಬ್ಬ ಸಂಕಲನಕಾರ. ನಿಮ್ಮಲ್ಲಿ ಓದು ಮುಗಿಸಿದ ಹುಡುಗ ಹುಡುಗಿಯರು ಸಹಾಯಕರಾಗಿ ಬಂದು ನನ್ನ ಪಕ್ಕ ಕೂರುತ್ತಾರೆ. ಒಳ್ಳೆಯ ಮಕ್ಕಳು, ಚುರುಕು. ಸಾಫ್ಟ್‌ವೇರ್ ಅಂತೂ ನನಗಿಂತ ಚೆನ್ನಾಗಿ ಗೊತ್ತು. 'ಸಿನಿಮಾ ವಿದ್ಯಾರ್ಥಿ ನೋಡಲೇಬೇಕಾದ ಚಿತ್ರಗಳು' ಅಂತ ನೀವು ಕೊಟ್ಟ ಪಟ್ಟಿಯೂ ಅವರ ಹತ್ತಿರ ಇರುತ್ತದೆ. ಕೆಲವರದ್ದರಲ್ಲಿ ನೂರು ಹೆಸರು, ಕೆಲವರದ್ದರಲ್ಲಿ ಇನ್ನೂ ಜಾಸ್ತಿ. ಪ್ರತಿ ಹೆಸರಿನ ಮುಂದೆ ಟಿಕ್ ಬಿದ್ದಿರುತ್ತದೆ. ಆದರೆ ಅದರಲ್ಲಿ ಒಂದು ಚಿತ್ರ ಹಿಡಿದು 'ಈ ಶಾಟ್ ಇಲ್ಲೇ ಯಾಕೆ ಮುಗಿಯಿತು? ಇನ್ನೊಂದು ಸೆಕೆಂಡ್ ಬಿಟ್ಟಿದ್ದರೆ ಏನಾಗುತ್ತಿತ್ತು?' ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಿರ್ದೇಶಕರ ಹೆಸರು ಗೊತ್ತು, ವರ್ಷ ಗೊತ್ತು, ಯಾವ ಅಲೆಗೆ, ಅಂದರೆ ಯಾವ ಸಿನಿಮಾ ಚಳವಳಿಗೆ, ಸೇರಿದ್ದು ಅನ್ನುವುದೂ ಗೊತ್ತು. ಚಿತ್ರ ಮಾತ್ರ ಗೊತ್ತಿಲ್ಲ.

ಅವರನ್ನು ಬೈದು ಪ್ರಯೋಜನವಿಲ್ಲ. ನೂರು ಚಿತ್ರ ನೋಡಿ ಮುಗಿಸು ಅಂದರೆ ಯಾರೇ ಆದರೂ ಮುಗಿಸುವ ಕಡೆಗೇ ಗಮನ ಕೊಡುತ್ತಾರೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಮಾತಿಲ್ಲದ ಜಾಗ ಬಂದರೆ ಮುಂದಕ್ಕೆ ತಳ್ಳುತ್ತಾರೆ. ಹಳೆಯ ಚಿತ್ರಗಳಲ್ಲಿ ಕಲಿಯಬೇಕಾದ್ದು ಹೆಚ್ಚಾಗಿ ಇರುವುದು ಆ ಮಾತಿಲ್ಲದ ಜಾಗದಲ್ಲೇ ಅಲ್ವಾ?

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಆ ಪಟ್ಟಿ ಹರಿದು ಹಾಕಿ. ಮೊದಲ ವರ್ಷಕ್ಕೆ ಹತ್ತು ಹನ್ನೆರಡು ಹಳೆಯ ಚಿತ್ರ ಸಾಕು. ಒಂದೊಂದನ್ನೂ ಪೂರ್ತಿ ತೋರಿಸಿ. ಮತ್ತೆ ತೋರಿಸಿ. ಮೂರನೇ ಸಲವೂ ತೋರಿಸಿ. ಯಾವ ಹನ್ನೆರಡು ಅನ್ನುವುದರ ಬಗ್ಗೆ ಬೇಕಾದರೆ ಜಗಳ ಆಡೋಣ, ಅದು ಒಳ್ಳೆಯ ಜಗಳ. ಎಷ್ಟು ಅನ್ನುವುದರಲ್ಲಿ ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಮಾತಲ್ಲ. ಜಗತ್ತಿನ ಅತ್ಯಂತ ಹಳೆಯ ಸಿನಿಮಾ ಶಾಲೆ 1919ರಲ್ಲಿ ಮಾಸ್ಕೋದಲ್ಲಿ ಶುರುವಾಯಿತು. ಕ್ರಾಂತಿ ಆದ ಹೊಸತು. ಶೂಟಿಂಗ್ ಮಾಡೋಣ ಅಂದರೆ ಕಚ್ಚಾ ಫಿಲಂಗೆ ವಿಪರೀತ ಅಭಾವ. ಅಲ್ಲಿ ಪಾಠ ಹೇಳುತ್ತಿದ್ದ ಲೆವ್ ಕುಲೆಶೋವ್ ಮತ್ತು ಅವರ ಶಿಷ್ಯರು ಸಿಕ್ಕಿದ ಚಿತ್ರಗಳನ್ನೇ ಬಿಚ್ಚಿ ನೋಡಿದರು, ಮತ್ತೆ ಜೋಡಿಸಿದರು. ಅಮೆರಿಕದಿಂದ ಬಂದಿದ್ದ ಗ್ರಿಫಿತ್ ಅವರ 'ಇಂಟಾಲರೆನ್ಸ್' (1916) ಅವರಿಗೆ ದೊಡ್ಡ ಪಠ್ಯಪುಸ್ತಕವಾಯಿತು. ಇವತ್ತಿಗೂ ನೀವು ಮೊದಲ ತಿಂಗಳಲ್ಲೇ ಹೇಳಿಕೊಡುವ ಪ್ರಯೋಗ ಹುಟ್ಟಿದ್ದು ಈ ಬಡತನದಲ್ಲೇ. ನಟನೊಬ್ಬನ ಒಂದೇ ಕ್ಲೋಸಪ್ ಪಕ್ಕ ಒಮ್ಮೆ ಸೂಪಿನ ತಟ್ಟೆ, ಇನ್ನೊಮ್ಮೆ ಶವಪೆಟ್ಟಿಗೆ. ನೋಡಿದವರಿಗೆ ಅವನ ಮುಖದಲ್ಲಿ ಒಮ್ಮೆ ಹಸಿವು ಕಂಡಿತು, ಇನ್ನೊಮ್ಮೆ ದುಃಖ ಕಂಡಿತು. ಮುಖ ಅದೇ ಇತ್ತು.

ಆರ್ಸನ್ ವೆಲ್ಸ್ ಇನ್ನೊಂದು ಉದಾಹರಣೆ. 'ಸಿಟಿಜನ್ ಕೇನ್' ಶುರು ಮಾಡುವ ಮೊದಲು ಜಾನ್ ಫೋರ್ಡ್ ಅವರ 'ಸ್ಟೇಜ್‌ಕೋಚ್' (1939) ಚಿತ್ರವನ್ನು ಸುಮಾರು 40 ಸಲ ನೋಡಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಸುಮ್ನೆ ನೋಡಿದ್ದಲ್ಲ. ಸ್ಟುಡಿಯೋದ ಬೇರೆ ಬೇರೆ ವಿಭಾಗದ ಕೆಲಸಗಾರರನ್ನು ಪಕ್ಕ ಕೂರಿಸಿಕೊಂಡು, ಇದನ್ನು ಹೇಗೆ ಮಾಡಿದರು, ಅದನ್ನು ಯಾಕೆ ಮಾಡಿದರು ಅಂತ ಕೇಳುತ್ತಾ ನೋಡಿದ್ದು. 40 ಬೇರೆ ಬೇರೆ ಚಿತ್ರ ನೋಡಿದ್ದರೆ ಆ ಪ್ರಶ್ನೆಗಳೇ ಹುಟ್ಟುತ್ತಿರಲಿಲ್ಲ.

ಸತ್ಯಜಿತ್ ರಾಯ್ 1950ರಲ್ಲಿ ಲಂಡನ್ನಿನಲ್ಲಿದ್ದ ಕೆಲವೇ ತಿಂಗಳಲ್ಲಿ ನೂರರ ಹತ್ತಿರ ಚಿತ್ರ ನೋಡಿದ್ದರಲ್ಲ, ಅದಕ್ಕೇನು ಹೇಳುತ್ತೀರಿ ಅಂತ ನೀವು ಕೇಳಬಹುದು. ಹೌದು, ನೋಡಿದ್ದರು. ಆದರೆ ಅವರ ದಾರಿಯನ್ನು ಗೊತ್ತು ಮಾಡಿದ್ದು ಅದರಲ್ಲಿ ಒಂದು. ಡಿ ಸೀಕಾ ಅವರ 'ಬೈಸಿಕಲ್ ಥೀವ್ಸ್' (1948).

ಅಲ್ಲಿಂದಲೇ ಶುರು ಮಾಡುತ್ತೇನೆ. ಈ ಚಿತ್ರದ ಬಗ್ಗೆ ಎಲ್ಲ ಕಡೆ ಹೇಳಿಕೊಡುವುದು ಒಂದೇ ಪಾಠ. ನಿಜವಾದ ಬೀದಿ, ವೃತ್ತಿಪರರಲ್ಲದ ನಟರು, ಮುಖ್ಯ ಪಾತ್ರದಲ್ಲಿ ಒಬ್ಬ ಕಾರ್ಖಾನೆ ಕೆಲಸಗಾರ. ಎಲ್ಲಾ ನಿಜ. ಆದರೆ ಇಷ್ಟು ಕೇಳಿಸಿಕೊಂಡ ವಿದ್ಯಾರ್ಥಿಗೆ ಏನನ್ನಿಸುತ್ತದೆ? ಕ್ಯಾಮೆರಾ ಹಿಡಿದು ರಸ್ತೆಗೆ ಇಳಿದರೆ ಆಯಿತು ಅಂತ. ದಯವಿಟ್ಟು ಆ ಒತ್ತೆ ಅಂಗಡಿಯ ದೃಶ್ಯವನ್ನು ನಿಧಾನವಾಗಿ ತೋರಿಸಿ. ಗಂಡನಿಗೆ ಕೆಲಸ ಸಿಗಬೇಕಾದರೆ ಸೈಕಲ್ ಬೇಕು. ಸೈಕಲ್ ಒತ್ತೆಯಲ್ಲಿದೆ. ಹೆಂಡತಿ ಮಂಚದ ಮೇಲಿನ ಹಾಸಿಗೆ ಬಟ್ಟೆಗಳನ್ನೇ ಕಿತ್ತು ತಂದು ಒತ್ತೆ ಇಡುತ್ತಾಳೆ. ದುಡ್ಡು ಸಿಗುತ್ತದೆ. ಕಥೆಯ ಲೆಕ್ಕದಲ್ಲಿ ದೃಶ್ಯ ಅಲ್ಲಿಗೆ ಮುಗಿಯಿತು. ಆದರೆ ಡಿ ಸೀಕಾ ಮುಗಿಸುವುದಿಲ್ಲ. ಅಂಗಡಿಯ ಆಳು ಆ ಗಂಟನ್ನು ಎತ್ತಿಕೊಂಡು ಕಪಾಟು ಹತ್ತುತ್ತಾನೆ. ಹತ್ತುತ್ತಾನೆ, ಇನ್ನೂ ಹತ್ತುತ್ತಾನೆ. ಕ್ಯಾಮೆರಾ ಅವನ ಜೊತೆ ಮೇಲೇರುತ್ತದೆ. ಆಗ ಗೊತ್ತಾಗುತ್ತದೆ, ಆ ಕಪಾಟಿನ ತುಂಬ ಇಂಥವೇ ಗಂಟುಗಳು. ಒಂದೇ ಒಂದು ಮಾತಿಲ್ಲದೆ ಒಬ್ಬರ ಮನೆಯ ಕಥೆ ಇಡೀ ಊರಿನ ಕಥೆ ಆಗಿಬಿಟ್ಟಿತು. ಇದು ಬೀದಿಯಲ್ಲಿ ತಾನಾಗಿ ಸಿಕ್ಕಿದ್ದಲ್ಲ. ಯಾರೋ ಕೂತು ಯೋಚಿಸಿ ಇಟ್ಟದ್ದು. ಮೊದಲ ಸಲ ನೋಡುವಾಗ ಇದು ಹಾದು ಹೋಗುತ್ತದೆ, ಹಾದು ಹೋಗಲೂಬೇಕು. ಎರಡನೇ ಸಲ ನೋಡುವಾಗ ಕಣ್ಣಿಗೆ ಬೀಳುತ್ತದೆ. ನನ್ನ ಇಡೀ ವಾದ ನಿಂತಿರುವುದು ಆ ಎರಡನೇ ಸಲದ ಮೇಲೆ.

ಹಾಗಾದರೆ ಮೊದಲ ದಿನ ಏನು ತೋರಿಸಬೇಕು? ಲೂಮಿಯೇರ್ ಸಹೋದರರನ್ನು ತೋರಿಸಿ, ಅರ್ಧ ಗಂಟೆ ಸಾಕು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಟಿಕೆಟ್ ಕೊಂಡು ಬಂದವರಿಗೆ ಅವರು ತೋರಿಸಿದ್ದು ಹತ್ತು ಚಿತ್ರ. ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಕಾರ್ಖಾನೆಯ ಬಾಗಿಲು ತೆರೆಯುತ್ತದೆ, ಕೆಲಸಗಾರರು ಹೊರಗೆ ಬಂದು ಎಡಕ್ಕೆ ಬಲಕ್ಕೆ ಹೋಗುತ್ತಾರೆ. ಅಷ್ಟೇ. ಅದನ್ನೂ ಅವರು ಒಂದಕ್ಕಿಂತ ಹೆಚ್ಚು ಸಲ ತೆಗೆದಿದ್ದಾರೆ, ಬೇರೆ ಬೇರೆ ಆವೃತ್ತಿಗಳು ಉಳಿದುಕೊಂಡಿವೆ. ಪಕ್ಕಪಕ್ಕ ಹಾಕಿ ತೋರಿಸಿ. ಸಿನಿಮಾ ಹುಟ್ಟಿದಾಗಲೇ ರೀಟೇಕ್ ಕೂಡ ಹುಟ್ಟಿತ್ತು ಅಂತ ಮಕ್ಕಳಿಗೆ ಗೊತ್ತಾಗಲಿ.

ಆಮೇಲೆ ಅದೇ ದಿನ ಬಸ್ಟರ್ ಕೀಟನ್. 'ಷರ್ಲಾಕ್ ಜೂನಿಯರ್' (1924). ಬರೀ 45 ನಿಮಿಷದ ಚಿತ್ರ. ನನ್ನ ಕಸುಬಿನವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಪ್ರೊಜೆಕ್ಟರ್ ನಡೆಸುವ ಹುಡುಗ ನಿದ್ದೆ ಹೋಗುತ್ತಾನೆ. ಕನಸಿನಲ್ಲಿ ಅವನು ಎದ್ದು ಹೋಗಿ ಪರದೆಯೊಳಗೆ ನುಗ್ಗುತ್ತಾನೆ. ಒಳಗೆ ಹೋದ ಮೇಲೆ ಸಿನಿಮಾ ಅವನನ್ನು ಆಟ ಆಡಿಸುತ್ತದೆ. ತೋಟದ ಬೆಂಚಿನ ಮೇಲೆ ಕೂರಲು ಹೋದರೆ ಕಟ್, ಅವನು ಗಿಜಿಗುಡುವ ರಸ್ತೆಯಲ್ಲಿ ಬಿದ್ದಿರುತ್ತಾನೆ. ನಡೆಯಲು ಹೋದರೆ ಕಟ್, ಕಾಲ ಕೆಳಗೆ ಪ್ರಪಾತ. ಸಮುದ್ರದ ಬಂಡೆಯಿಂದ ನೀರಿಗೆ ಹಾರಿದರೆ ಕಟ್, ತಲೆ ಹೋಗಿ ಹಿಮದ ರಾಶಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಜಾಗ ಬದಲಾಗುತ್ತದೆ, ಅವನ ಮೈ ಮಾತ್ರ ಫ್ರೇಮಿನಲ್ಲಿ ಇದ್ದಲ್ಲೇ ಇರುತ್ತದೆ. ಕಂಪ್ಯೂಟರ್ ಇಲ್ಲದ ಕಾಲ. ಜಮೀನು ಅಳೆಯುವ ಉಪಕರಣ ತಂದು ಕ್ಯಾಮೆರಾದಿಂದ ತನಗಿರುವ ದೂರವನ್ನು ಅಳೆದು ಅಳೆದು ಇದನ್ನು ತೆಗೆದಿದ್ದಾರೆ. ಇದು ಹೇಗಾಯಿತು ಅಂತ ತಿಳಿಯಲು ಆ ಕಾಲದ ಛಾಯಾಗ್ರಾಹಕರೇ ಚಿತ್ರವನ್ನು ಮತ್ತೆ ಮತ್ತೆ ಹೋಗಿ ನೋಡುತ್ತಿದ್ದರು ಅಂತ ಕೀಟನ್ ನೆನಪಿಸಿಕೊಂಡಿದ್ದಾರೆ.

ಕಟ್ ಅಂದರೆ ಏನು ಅಂತ ಇಷ್ಟು ನಗಿಸುತ್ತಾ ಹೇಳಿಕೊಟ್ಟ ಚಿತ್ರ ನನಗೆ ಇನ್ನೊಂದು ಗೊತ್ತಿಲ್ಲ. (ಇದೇ ಚಿತ್ರದಲ್ಲಿ ರೈಲಿನ ನೀರಿನ ಕೊಳವೆಯಿಂದ ನೀರು ರಭಸವಾಗಿ ಬಿದ್ದು ಕೀಟನ್ ಕುತ್ತಿಗೆಯ ಮೂಳೆ ಮುರಿದಿತ್ತು. ಅವರಿಗೆ ಅದು ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಇದನ್ನು ಸಾಹಸ ಅಂತ ಹೊಗಳುವ ಬದಲು, ಸೆಟ್‌ನಲ್ಲಿ ಸುರಕ್ಷತೆ ಯಾಕೆ ಬೇಕು ಅಂತ ಹೇಳಲು ಬಳಸಿ.)

ಕೀಟನ್ ಆದ ಮೇಲೆ ಚಾಪ್ಲಿನ್. 'ಸಿಟಿ ಲೈಟ್ಸ್' (1931). ಟಾಕಿ ಬಂದು ಎಲ್ಲರೂ ಮಾತಾಡಲು ಶುರು ಮಾಡಿದ್ದರು. ಚಾಪ್ಲಿನ್ ಮಾತ್ರ ಸಂಗೀತ ಸೇರಿಸಿ, ಮಾತು ಸೇರಿಸದೆ ಹಠ ಹಿಡಿದು ಮೂಕಿ ಚಿತ್ರವನ್ನೇ ಮಾಡಿದರು. ಇದರಲ್ಲಿ ಒಂದು ಕಷ್ಟ ಇತ್ತು. ಹೂ ಮಾರುವ ಕುರುಡಿ ಹುಡುಗಿ ಈ ಅಲೆಮಾರಿಯನ್ನು ಶ್ರೀಮಂತ ಅಂದುಕೊಳ್ಳಬೇಕು. ಹೇಗೆ? ಅವಳಿಗೆ ಕಣ್ಣಿಲ್ಲ, ಚಿತ್ರಕ್ಕೆ ಮಾತಿಲ್ಲ. ಈ ದೃಶ್ಯವನ್ನು ಚಾಪ್ಲಿನ್ ನೂರಾರು ಸಲ ತೆಗೆದರು. ಕೊನೆಗೆ ಸಿಕ್ಕಿದ ಉತ್ತರ ಒಂದು ಕಾರಿನ ಬಾಗಿಲು. ರಸ್ತೆ ದಾಟುವ ಅಲೆಮಾರಿ ಪೊಲೀಸನನ್ನು ತಪ್ಪಿಸಲು, ನಿಂತಿದ್ದ ಕಾರಿನೊಳಗೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುತ್ತಾನೆ. ಬಾಗಿಲು ಮುಚ್ಚುತ್ತದೆ. ಹುಡುಗಿ ತಲೆ ಎತ್ತಿ ಹೂ ಚಾಚುತ್ತಾಳೆ. ಸ್ವಲ್ಪ ಹೊತ್ತಿಗೆ ಕಾರಿನ ನಿಜವಾದ ಯಜಮಾನ ಹತ್ತಿ ಹೊರಟುಹೋಗುತ್ತಾನೆ. ಚಿಲ್ಲರೆ ತೆಗೆದುಕೊಳ್ಳದೆ ಹೋದರು ಅಂದುಕೊಳ್ಳುತ್ತಾಳೆ ಹುಡುಗಿ. ಅಲೆಮಾರಿ ಸದ್ದು ಮಾಡದೆ ಅಲ್ಲೇ ನಿಂತಿರುತ್ತಾನೆ.

ನೋಡಿ, ಇಡೀ ಕಥೆ ತಿರುಗುವುದು ಒಂದು ಶಬ್ದದ ಮೇಲೆ, ಮತ್ತು ಆ ಶಬ್ದ ಚಿತ್ರದಲ್ಲಿ ಇಲ್ಲ. ನಾವು ಅದನ್ನು ಕಣ್ಣಿನಿಂದ ಕೇಳುತ್ತೇವೆ. ಚಿತ್ರಕಥೆ ಬರೆಯುವ ಮಕ್ಕಳು ಇದನ್ನು ಬಿಡಿಸಿ ಬರೆಯಲಿ. ಯಾರಿಗೆ ಏನು ಗೊತ್ತು, ಯಾರಿಗೆ ಏನು ಗೊತ್ತಿಲ್ಲ, ನೋಡುವವರಿಗೆ ಯಾವಾಗ ಗೊತ್ತಾಗುತ್ತದೆ. ಒಂದು ಹಾಳೆ ಸಾಕು. ಸಂಭಾಷಣೆಯಲ್ಲಿ ಎಲ್ಲವನ್ನೂ ಹೇಳಿಬಿಡುವ ಚಾಳಿ ಅರ್ಧ ಕಡಿಮೆ ಆಗುತ್ತದೆ.

ಅದೇ 1931ರಲ್ಲಿ ಜರ್ಮನಿಯಲ್ಲಿ ಫ್ರಿಟ್ಸ್ ಲಾಂಗ್ ತಮ್ಮ ಮೊದಲ ಟಾಕಿ ಮಾಡಿದರು. ಹೆಸರು 'ಎಂ'. ಒಂದು ಕಡೆ ಶಬ್ದ ಬೇಡ ಅಂದವರು, ಇನ್ನೊಂದು ಕಡೆ ಶಬ್ದವನ್ನು ಪಾತ್ರವನ್ನಾಗಿಯೇ ಮಾಡಿಕೊಂಡವರು. ಈ ಎರಡನ್ನೂ ಒಂದೇ ವಾರದಲ್ಲಿ ತೋರಿಸಬೇಕು ಅಂತ ನನ್ನ ಆಸೆ. ಮಕ್ಕಳನ್ನು ಕೊಲ್ಲುವವನೊಬ್ಬ ಊರಲ್ಲಿದ್ದಾನೆ. ಅವನ ಮುಖ ಮೊದಲು ಕಾಣುವುದಿಲ್ಲ. ಒಂದು ನೆರಳು, ಒಂದು ಸಿಳ್ಳೆ. ಅತ್ತ ತಾಯಿ ಊಟದ ಮೇಜು ಸಿದ್ಧ ಮಾಡಿ ಮಗಳಿಗೆ ಕಾಯುತ್ತಿದ್ದಾಳೆ. 'ಎಲ್ಸೀ' ಅಂತ ಕೂಗುತ್ತಾಳೆ. ಆ ಕೂಗು ಖಾಲಿ ಮೆಟ್ಟಿಲಿನ ಮೇಲೆ ಕೇಳುತ್ತದೆ, ಬಟ್ಟೆ ಒಣಹಾಕಿದ ಖಾಲಿ ಅಟ್ಟದಲ್ಲಿ ಕೇಳುತ್ತದೆ, ಖಾಲಿ ತಟ್ಟೆಯ ಮೇಲೆ ಕೇಳುತ್ತದೆ. ಆಮೇಲೆ ಪೊದೆಯಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ. ಮಗುವಿನ ಬಲೂನು ತಂತಿಗೆ ಸಿಕ್ಕಿ ಒದ್ದಾಡುತ್ತದೆ. ಕೊಲೆ ಕಾಣುವುದೇ ಇಲ್ಲ.

ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ, ಆ ಸಿಳ್ಳೆ ಬಿಟ್ಟರೆ. ಕೊನೆಗೆ ಕೊಲೆಗಾರನನ್ನು ಗುರುತಿಸುವವನು ಕುರುಡ, ಬಲೂನು ಮಾರುವವನು. ಸಿಳ್ಳೆ ಕೇಳಿಯೇ ಗುರುತಿಸುತ್ತಾನೆ. ನಟ ಪೀಟರ್ ಲೋರೆಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ, ಲಾಂಗ್ ಅವರೇ ಹಾಕಿದರಂತೆ.

'ಸಿಟಿಜನ್ ಕೇನ್' (1941) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಬಗ್ಗೆ ಈಗಾಗಲೇ ಎಲ್ಲರೂ ಜಾಸ್ತಿಯೇ ಹೇಳಿದ್ದಾರೆ. ಒಂದು ವಿಷಯ ಮಾತ್ರ. ಡೀಪ್ ಫೋಕಸ್ (ಹತ್ತಿರದ್ದೂ ದೂರದ್ದೂ ಒಟ್ಟಿಗೇ ಸ್ಪಷ್ಟವಾಗಿ ಕಾಣುವುದು), ಚಾವಣಿ ಕಾಣುವ ಸೆಟ್, ಗ್ರೆಗ್ ಟೋಲಂಡ್ ಅವರ ಛಾಯಾಗ್ರಹಣ ಅಂತ ಶುರು ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಬೆಳಗಿನ ತಿಂಡಿಯ ಆ ಎರಡು ಚಿಲ್ಲರೆ ನಿಮಿಷದಿಂದ ಶುರು ಮಾಡಿ. ಒಂದೇ ಮೇಜು, ಗಂಡ ಹೆಂಡತಿ. ಮೊದಲು ಪ್ರೀತಿಯ ಮಾತು, ಆಮೇಲೆ ಕೊಂಕು, ಆಮೇಲೆ ಜಗಳ. ಕೊನೆಗೆ ಮಾತೇ ಇಲ್ಲ, ಹೆಂಡತಿ ಗಂಡನ ಎದುರಾಳಿ ಪತ್ರಿಕೆ ಹಿಡಿದು ಓದುತ್ತಿದ್ದಾಳೆ. ವರ್ಷಗಟ್ಟಲೆಯ ದಾಂಪತ್ಯ ಮುರಿದುಬಿತ್ತು. ಸಂಕಲನ ಮಾಡಿದವರು ರಾಬರ್ಟ್ ವೈಸ್. ಮುಂದೆ ಅವರೇ ನಿರ್ದೇಶಕರಾಗಿ 'ದಿ ಸೌಂಡ್ ಆಫ್ ಮ್ಯೂಸಿಕ್' ಮಾಡಿದರು. ಎಡಿಟಿಂಗ್ ರೂಮಿನಿಂದ ಹೊರಬರುವ ದಾರಿಯೂ ಇದೆ ಅಂತ ನನ್ನ ಸಹಾಯಕರಿಗೆ ಹೇಳಲು ಇದು ಅನುಕೂಲ.

ಈಗ ತುಣುಕುಗಳ ವಿಷಯ. ಇದು ನನ್ನ ದೊಡ್ಡ ತಕರಾರು. ತರಗತಿಯಲ್ಲಿ 'ಸೈಕೋ' (1960) ಚಿತ್ರದ ಸ್ನಾನದ ಮನೆಯ ದೃಶ್ಯ ತೋರಿಸದ ಶಾಲೆ ಇಲ್ಲ. ಮುಕ್ಕಾಲು ನಿಮಿಷದ ಕೊಲೆ, ಒಂದು ವಾರದ ಶೂಟಿಂಗ್, ಬರ್ನಾರ್ಡ್ ಹರ್ಮನ್ ಅವರ ಆ ಚೀರುವ ತಂತಿ ವಾದ್ಯಗಳು. ಮಕ್ಕಳು ಆ ಶಾಟ್‌ಗಳನ್ನು ಎಣಿಸುತ್ತಾರೆ. ಆದರೆ ಆ ಕೊಲೆ ಬರುವುದು ಚಿತ್ರ ಶುರುವಾಗಿ ಮುಕ್ಕಾಲು ಗಂಟೆ ಆದ ಮೇಲೆ. ಅಲ್ಲಿಯವರೆಗೆ ನಾವು ಆ ಹೆಂಗಸಿನ ಜೊತೆಗೇ ಇದ್ದೆವು. ಅವಳು ಕದ್ದ ದುಡ್ಡಿನ ಚಿಂತೆ ನಮ್ಮ ಚಿಂತೆ ಆಗಿತ್ತು. ಕಾರು ಓಡಿಸುವಾಗ ಅವಳಿಗೆ ಆದ ಭಯ ನಮಗೂ ಆಗಿತ್ತು. ದುಡ್ಡು ವಾಪಸ್ ಕೊಡೋಣ ಅಂತ ಅವಳು ಮನಸ್ಸು ಮಾಡಿದಾಗ ನಮಗೂ ಹಾಯೆನಿಸಿತ್ತು. ಕಥಾನಾಯಕಿ ಅಂದುಕೊಂಡವಳೇ ಹೋಗಿಬಿಟ್ಟಳು. ಪೆಟ್ಟು ಬಿದ್ದಿರುವುದು ಅಲ್ಲಿ, ಚಾಕುವಿನಲ್ಲಲ್ಲ. ಚಿತ್ರ ಶುರುವಾದ ಮೇಲೆ ಯಾರನ್ನೂ ಥಿಯೇಟರಿನ ಒಳಗೆ ಬಿಡಬಾರದು ಅಂತ ಹಿಚ್‌ಕಾಕ್ ಪಟ್ಟು ಹಿಡಿದಿದ್ದರು. ನೀವು ತುಣುಕು ತೋರಿಸಿದಾಗ ಇಡೀ ತರಗತಿಯನ್ನೇ ಮುಕ್ಕಾಲು ಗಂಟೆ ತಡವಾಗಿ ಒಳಗೆ ಬಿಟ್ಟ ಹಾಗಾಯಿತು.

ಕಥೆ ಮೊದಲೇ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವ ಮಕ್ಕಳಿಗೆ ರೊಬೇರ್ ಬ್ರೆಸೋನ್ ಅವರ 'ಎ ಮ್ಯಾನ್ ಎಸ್ಕೇಪ್ಡ್' (1956) ತೋರಿಸಿ. ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ, ಕೈದಿ ತಪ್ಪಿಸಿಕೊಳ್ಳುತ್ತಾನೆ ಅಂತ. ಆದರೂ ಉಸಿರು ಬಿಗಿ ಹಿಡಿದೇ ನೋಡುತ್ತೇವೆ. ಎರಡನೇ ಮಹಾಯುದ್ಧದ ಕಾಲ, ಲಿಯೋನ್ ನಗರದ ಜೈಲು. ಅವನ ಹತ್ತಿರ ಇರುವುದು ಒಂದು ಚಮಚ. ಅದನ್ನು ನೆಲಕ್ಕೆ ಉಜ್ಜಿ ಚೂಪು ಮಾಡಿಕೊಂಡು ಬಾಗಿಲಿನ ಹಲಗೆಗಳ ಸಂದು ಕೆರೆಯುತ್ತಾನೆ. ಸಿಪ್ಪೆ ಬಿದ್ದರೆ ಗುಡಿಸಿ ಬಚ್ಚಿಡುತ್ತಾನೆ. ಹಾಸಿಗೆ ಹರಿದು, ಮಂಚದ ತಂತಿ ಬಿಚ್ಚಿ ಹಗ್ಗ ಹೊಸೆಯುತ್ತಾನೆ. ಬ್ರೆಸೋನ್ ಅವನ ಮುಖಕ್ಕಿಂತ ಕೈಗಳನ್ನು ಹೆಚ್ಚು ನಂಬುತ್ತಾರೆ. ಜೈಲು ಎಷ್ಟು ದೊಡ್ಡದು ಅಂತ ಒಂದು ಶಾಟ್‌ನಲ್ಲೂ ಪೂರ್ತಿ ತೋರಿಸುವುದಿಲ್ಲ, ಕೇಳಿಸುತ್ತಾರೆ. ಕಂಬಿಗೆ ಬೀಗದ ಕೈ ತಾಗಿಸುತ್ತಾ ಬರುವ ಕಾವಲುಗಾರ, ದೂರದ ರೈಲು. ಕೊನೆಯ ರಾತ್ರಿ ಗೋಡೆಯಾಚೆ ಒಂದು ಕಿರ್ ಕಿರ್ ಸದ್ದು, ಏನು ಅಂತ ಗೊತ್ತಾಗುವುದಿಲ್ಲ. ಬಗ್ಗಿ ನೋಡಿದರೆ ಸೈಕಲ್ ಮೇಲೆ ಸುತ್ತು ಹಾಕುತ್ತಿರುವ ಕಾವಲುಗಾರ. ಈ ಚಿತ್ರವನ್ನು ಒಮ್ಮೆ ಪರದೆ ಆರಿಸಿ, ಬರೀ ಶಬ್ದ ಹಾಕಿ ಕೇಳಿಸಿ. ಸೌಂಡ್ ವಿಭಾಗದವರಿಗೆ ಬೇರೆ ಪುಸ್ತಕ ಬೇಡ.

'ಪಥೇರ್ ಪಾಂಚಾಲಿ' (1955) ಎಲ್ಲರ ಪಟ್ಟಿಯಲ್ಲೂ ಇದೆ, ನನ್ನದರಲ್ಲೂ ಇರಲಿ. ಬಡತನದ ಚಿತ್ರ ಅಂತ ಮಾತ್ರ ಪರಿಚಯಿಸಬೇಡಿ. ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ಆಗ ಇಪ್ಪತ್ತರ ಆಸುಪಾಸು, ಸಿನಿಮಾ ಕ್ಯಾಮೆರಾ ಹಿಡಿದೇ ಇರಲಿಲ್ಲ. ಮಕ್ಕಳು ರೈಲು ನೋಡುವ ಕಾಶ ಹುಲ್ಲಿನ ಬಯಲನ್ನು ಮೊದಲ ದಿನ ಸ್ವಲ್ಪ ಶೂಟ್ ಮಾಡಿ, ಮುಂದಿನ ವಾರ ಹೋದರೆ ಹೂವನ್ನೆಲ್ಲ ದನ ಮೇಯ್ದು ಮುಗಿಸಿದ್ದವು. ಮತ್ತೆ ಹೂ ಬಿಡುವ ತನಕ ಮುಂದಿನ ವರ್ಷಕ್ಕೆ ಕಾದರು. ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಇರಬೇಕಾದ ಹೊಂದಿಕೆ, ಆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ? ಇನ್ನೊಂದು ಜಾಗ. ಊರಿಂದ ಬಂದ ಅಪ್ಪ, ಮಗಳು ಸತ್ತದ್ದು ಗೊತ್ತಿಲ್ಲದೆ ಅವಳಿಗೆ ತಂದ ಸೀರೆ ತೆಗೆದು ತೋರಿಸುತ್ತಾನೆ. ತಾಯಿ ಕುಸಿದು ಅಳುತ್ತಾಳೆ. ಆದರೆ ಅವಳ ದನಿ ನಮಗೆ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಅನ್ನುವ ತಂತಿ ವಾದ್ಯದ ಎತ್ತರದ ಸ್ವರ. ನಿಜವಾದ ಅಳು ಇಟ್ಟಿದ್ದರೆ ಏನಾಗುತ್ತಿತ್ತು ಅಂತ ಮಕ್ಕಳು ವಾದ ಮಾಡಲಿ. ನನಗೇ ಈ ವಿಷಯದಲ್ಲಿ ಒಂದೊಂದು ದಿನ ಒಂದೊಂದು ಥರ ಅನ್ನಿಸುತ್ತದೆ.

'ಟೋಕಿಯೋ ಸ್ಟೋರಿ' (1953) ಇರಲಿ, ಕ್ಯಾಮೆರಾ ಅಲ್ಲಾಡದೆಯೂ ಸಿನಿಮಾ ನಡೆಯುತ್ತದೆ ಅಂತ ಗೊತ್ತಾಗಲು. ಕಿಯಾರೋಸ್ತಮಿ ಅವರ 'ಕ್ಲೋಸ್-ಅಪ್' (1990) ಇರಲಿ. ನಿಜವಾಗಿ ನಡೆದ ವಂಚನೆಯೊಂದರಲ್ಲಿ ಭಾಗಿಯಾದ ಜನರೇ ತಮ್ಮ ತಮ್ಮ ಪಾತ್ರ ಮಾಡಿದ್ದಾರೆ, ಸಾಕ್ಷ್ಯಚಿತ್ರ ಎಲ್ಲಿ ಮುಗಿದು ಕಥೆ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977) ಖಂಡಿತ ಇರಲಿ, ಅದೂ ಒಂದು ಕಾರಣಕ್ಕೆ. ದೊಡ್ಡವರ ಕ್ರೌರ್ಯವನ್ನು ಒಬ್ಬ ಪುಟ್ಟ ಹುಡುಗನ ಕಣ್ಣಿನಿಂದ ತೋರಿಸುವುದು ಹೇಗೆ, ಅವನಿಗೆ ಅರ್ಥವಾಗದ್ದನ್ನು ನಮಗೆ ಮುಟ್ಟಿಸುವುದು ಹೇಗೆ ಅನ್ನುವುದಕ್ಕೆ. ಸಿನಿಮಾ ಶಾಲೆಯಲ್ಲಿ ಓದಿ ಬಂದವರೊಬ್ಬರ ಮೊದಲ ಕಥಾಚಿತ್ರ ಅದು. ರಿಪೇರಿ ಮಾಡಿದ ಹೊಸ ಪ್ರಿಂಟ್ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು.

ಈಗ ಎಲ್ಲ ಮಕ್ಕಳೂ ಗೊಣಗುವ ಚಿತ್ರಕ್ಕೆ ಬರುತ್ತೇನೆ. ಶಾಂತಾಲ್ ಆಕರ್ಮನ್ ಅವರ 'ಜ್ಯಾನ್ ಡೀಲ್ಮನ್' (1975). 201 ನಿಮಿಷ. ಒಬ್ಬ ವಿಧವೆ, ಅವಳ ಮಗ, ಒಂದು ಮನೆ, ಮೂರು ದಿನ. ಅವಳು ಅಡುಗೆ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ದೀಪ ಹಾಕಿ ಆರಿಸುತ್ತಾಳೆ. ಮಧ್ಯಾಹ್ನ ದುಡ್ಡಿಗಾಗಿ ಒಬ್ಬ ಗಂಡಸನ್ನು ಮನೆಗೆ ಬರಮಾಡಿಕೊಳ್ಳುತ್ತಾಳೆ. ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ. ಮೊದಲ ದಿನ ಎಲ್ಲವೂ ಕರಾರುವಾಕ್ಕಾಗಿ ನಡೆಯುತ್ತದೆ. ನೋಡುತ್ತಾ ನೋಡುತ್ತಾ ಅವಳ ಕ್ರಮ ನಮಗೂ ಬಾಯಿಪಾಠ ಆಗುತ್ತದೆ. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತದೆ. ಅಷ್ಟೇ, ಆಲೂಗಡ್ಡೆ. ಆದರೆ ಅವಳು ಆ ಪಾತ್ರೆ ಹಿಡಿದುಕೊಂಡು ಎಲ್ಲಿಡಬೇಕು ಅಂತ ತೋಚದೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡಾಡುವಾಗ ನಮಗೆ ಎದೆ ಡವಗುಟ್ಟುತ್ತದೆ. ದುಡ್ಡು ಹಾಕಿಡುವ ಪಾತ್ರೆಗೆ ಮುಚ್ಚಳ ಹಾಕಲು ಮರೆತಿರುತ್ತಾಳೆ. ಕೂದಲು ಕೆದರಿದೆಯಲ್ಲಮ್ಮ ಅಂತ ಮಗ ಹೇಳುತ್ತಾನೆ. ಮೂರನೇ ದಿನದ ಬಗ್ಗೆ ನಾನು ಹೇಳುವುದಿಲ್ಲ.

ಇದನ್ನು ಎರಡು ನಿಮಿಷದ ತುಣುಕಾಗಿ ತೋರಿಸಲು ಸಾಧ್ಯವೇ ಇಲ್ಲ. ಮೊದಲ ಒಂದು ಗಂಟೆಯ ಬೇಜಾರು ಬಂಡವಾಳ, ಆಮೇಲೆ ಬರುವ ಆತಂಕ ಅದರ ಬಡ್ಡಿ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದವರಿಗೆ ಎರಡೂ ಇಲ್ಲ. ಇದನ್ನು ಮಾಡಿದಾಗ ಆಕರ್ಮನ್ ಅವರಿಗೆ 25 ತುಂಬಿರಲಿಲ್ಲ. ಕೇನ್ ಮಾಡಿದಾಗ ವೆಲ್ಸ್ ಅವರಿಗೆ 25. ಆ ವಯಸ್ಸಿನ ನಿಮ್ಮ ವಿದ್ಯಾರ್ಥಿಗಳಿಗೆ ಇವೆರಡನ್ನೂ ಬೆನ್ನು ಬೆನ್ನಿಗೆ ತೋರಿಸಿ.

ಇಷ್ಟು ಹೇಳಿದ ಮೇಲೆ ನಿಮ್ಮ ಕಡೆಯ ಆಕ್ಷೇಪಗಳೂ ನನಗೆ ಕೇಳಿಸುತ್ತಿವೆ. ಹನ್ನೆರಡರಲ್ಲಿ ಆಫ್ರಿಕಾ ಎಲ್ಲಿ, ಲ್ಯಾಟಿನ್ ಅಮೆರಿಕ ಎಲ್ಲಿ, ಹೆಂಗಸರು ಮಾಡಿದ ಚಿತ್ರ ಒಂದೇ ಯಾಕೆ? ಸರಿಯಾದ ಪ್ರಶ್ನೆ. ನನ್ನ ಹೆಸರುಗಳನ್ನು ಕಿತ್ತು ಬೇರೆ ಹಾಕಿ. ಆಫ್ರಿಕಾದ ಸೆನೆಗಲ್‌ನ ಸೆಂಬೇನ್ ಅವರ 'ಬ್ಲ್ಯಾಕ್ ಗರ್ಲ್' (1966) ಒಂದು ಗಂಟೆಯ ಚಿತ್ರ, ಅದರಲ್ಲಿ ಆ ಮುಖವಾಡ ಕೈಯಿಂದ ಕೈಗೆ ಹೋಗುವುದನ್ನು ಹಿಡಿದೇ ಒಂದು ವಾರ ಪಾಠ ಮಾಡಬಹುದು. ಆನ್ಯೆಸ್ ವರ್ದಾ ಅವರ 'ಕ್ಲಿಯೋ ಫ್ರಂ 5 ಟು 7' (1962) ಹಾಕಿ. ಶ್ರೇಷ್ಠ ಚಿತ್ರ ಯಾವುದು ಅನ್ನುವುದು ಯಾವತ್ತೂ ಗಟ್ಟಿ ನಿಂತ ವಿಷಯವಲ್ಲ. 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳುತ್ತದೆ. 1952ರಲ್ಲಿ ಮೊದಲ ಸ್ಥಾನ 'ಬೈಸಿಕಲ್ ಥೀವ್ಸ್'ಗೆ. 1962ರಿಂದ 2002ರ ತನಕ ಕೇನ್. 2012ರಲ್ಲಿ 'ವರ್ಟಿಗೋ'. 2022ರಲ್ಲಿ, ಮಕ್ಕಳು ಗೊಣಗುವ ಅದೇ 'ಜ್ಯಾನ್ ಡೀಲ್ಮನ್'. ವಿಮರ್ಶಕರೇ ಮನಸ್ಸು ಬದಲಿಸುತ್ತಿರುವಾಗ ನಿಮ್ಮ ನೂರರ ಪಟ್ಟಿಯನ್ನು ಮಾತ್ರ ಶಾಸನದ ಹಾಗೆ ಕಾಪಾಡಬೇಕಾಗಿಲ್ಲ.

ಗ್ರಿಫಿತ್ ಅವರ 'ದಿ ಬರ್ತ್ ಆಫ್ ಎ ನೇಷನ್' (1915) ಬಗ್ಗೆ ಒಂದು ಮಾತು. ತಂತ್ರ ಕಲಿಯಲು ಬೇಕು ಅಂತ ಈಗಲೂ ಕೆಲವರು ಮೊದಲ ತಿಂಗಳಲ್ಲೇ ತೋರಿಸುತ್ತಾರೆ. ಕು ಕ್ಲಕ್ಸ್ ಕ್ಲಾನ್ ಗುಂಪನ್ನು ವೀರರನ್ನಾಗಿ ತೋರಿಸುವ ಚಿತ್ರ ಅದು. ಇತಿಹಾಸದ ತರಗತಿಯಲ್ಲಿ, ಪೂರ್ತಿ ಹಿನ್ನೆಲೆ ಹೇಳಿ ತೋರಿಸಿ. ಕ್ರಾಸ್ ಕಟಿಂಗ್ (ಎರಡು ಕಡೆ ನಡೆಯುವುದನ್ನು ಒಂದಾದ ಮೇಲೊಂದು ಜೋಡಿಸಿ ತೋರಿಸುವುದು) ಕಲಿಸಲು ಅದೇ ಬೇಕಾಗಿಲ್ಲ.

ಇನ್ನು ಪ್ರಿಂಟ್ ವಿಷಯ. ಹಳೆಯ ಚಿತ್ರ ಬೋರು ಅನ್ನುವ ದೂರಿನಲ್ಲಿ ಅರ್ಧ ಪಾಲು ಚಿತ್ರದ ತಪ್ಪಲ್ಲ, ನಾವು ತೋರಿಸುವ ಪ್ರತಿಯ ತಪ್ಪು. ಮೂಕಿ ಚಿತ್ರಗಳಲ್ಲಿ ಎಷ್ಟೋ ಸೆಕೆಂಡಿಗೆ 24 ಫ್ರೇಮಿಗಿಂತ ಕಡಿಮೆ ವೇಗದಲ್ಲಿ ತೆಗೆದವು. ಅವನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಕೀಲುಗೊಂಬೆಗಳ ಹಾಗೆ ಕುಣಿಯುತ್ತಾರೆ, ಮಕ್ಕಳು ನಗುತ್ತಾರೆ. ಹೆಚ್ಚುಕಡಿಮೆ ಚೌಕವಾಗಿರುವ ಹಳೆಯ ಫ್ರೇಮನ್ನು ಅಗಲ ಪರದೆಗೆ ಹಿಗ್ಗಿಸಿದರೆ ಮುಖ ಊದಿಕೊಳ್ಳುತ್ತದೆ, ಕತ್ತರಿಸಿದರೆ ಹಣೆ ಹೋಗುತ್ತದೆ. ಡ್ರೈಯರ್ ಅವರ 'ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್' (1928) ಇಡೀ ಚಿತ್ರವೇ ಮುಖಗಳದ್ದು, ಮೇಕಪ್ ಇಲ್ಲದ ಮುಖಗಳದ್ದು. ಅದನ್ನು ಮಸುಕು ಪ್ರತಿಯಲ್ಲಿ ತೋರಿಸಿದರೆ ಏನು ತೋರಿಸಿದ ಹಾಗಾಯಿತು? ಅದರ ಮೂಲ ನೆಗೆಟಿವ್ ಬೆಂಕಿಗೆ ಹೋಗಿತ್ತು. ಡ್ರೈಯರ್ ಉಳಿದ ಶಾಟ್‌ಗಳಿಂದ ಇನ್ನೊಂದು ಆವೃತ್ತಿ ಜೋಡಿಸಿದರು, ಅದಕ್ಕೂ ಬೆಂಕಿ ಬಿತ್ತು. 1981ರಲ್ಲಿ ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಮೂಲ ಆವೃತ್ತಿಯ ಪ್ರಿಂಟ್ ಸಿಕ್ಕಿತು. ಅಷ್ಟು ಕಷ್ಟಪಟ್ಟು ಉಳಿದು ಬಂದದ್ದನ್ನು ಫೋನಿನಲ್ಲಿ ನೋಡಿಕೊಂಡು ಬನ್ನಿ ಅಂತ ಕಳಿಸಬೇಡಿ. ಕತ್ತಲು ಮಾಡಿ, ದೊಡ್ಡ ಪರದೆಯಲ್ಲಿ, ಎಲ್ಲರನ್ನೂ ಕೂರಿಸಿ ತೋರಿಸಿ.

ನೋಡುವ ಕ್ರಮದ ಬಗ್ಗೆ ನನಗೆ ಅನುಭವಕ್ಕೆ ಬಂದದ್ದು ಹೇಳುತ್ತೇನೆ. ಮೊದಲ ಸಲ ಪೆನ್ನು ಪುಸ್ತಕ ಏನೂ ಬೇಡ, ಸುಮ್ನೆ ನೋಡಲಿ. ಅಳು ಬಂದರೆ ಅಳಲಿ, ನಿದ್ದೆ ಬಂದರೆ ಯಾವ ನಿಮಿಷದಲ್ಲಿ ಬಂತು ಅಂತ ನೆನಪಿಟ್ಟುಕೊಳ್ಳಲಿ. ಎರಡನೇ ಸಲ ಶಬ್ದ ಆರಿಸಿ ಒಂದು ರೀಲಿನಷ್ಟು ನೋಡಲಿ, ಪ್ರತಿ ಶಾಟ್‌ಗೂ ಒಂದು ಗೀಚು ಚಿತ್ರ ಬರೆಯಲಿ. ಕಡ್ಡಿ ಮನುಷ್ಯರಾದರೂ ಸಾಕು. ಆಮೇಲೆ ಒಂದೇ ಒಂದು ದೃಶ್ಯವನ್ನು ತಮ್ಮ ಫೋನಿನಲ್ಲೇ ಮತ್ತೆ ತೆಗೆಯಲಿ. ಕಾರಿನ ಬಾಗಿಲಿನ ಆ ದೃಶ್ಯ ತೆಗೆಯಲು ಹೋದವರಿಗೆ ಚಾಪ್ಲಿನ್ ಯಾಕೆ ಅಷ್ಟು ಸಲ ತೆಗೆದರು ಅಂತ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ನಿರ್ದೇಶಕರ ಹೆಸರು, ಇಸವಿ ಕೇಳುವ ಬದಲು ಆ ಗೀಚು ಹಾಳೆಗಳಿಗೇ ಅಂಕ ಕೊಡಿ.

ಉಳಿದ ಎಂಬತ್ತೆಂಟು ಚಿತ್ರಗಳ ಚಿಂತೆ ಬಿಡಿ. ಒಂದನ್ನು ಸರಿಯಾಗಿ ನೋಡಿದವರು ಉಳಿದದ್ದನ್ನು ತಾವೇ ಹುಡುಕಿಕೊಂಡು ಹೋಗುತ್ತಾರೆ, ಯಾರೂ ಟಿಕ್ ಹಾಕಿಸಬೇಕಾಗಿಲ್ಲ.

ಮುಂದಿನ ವರ್ಷದ ಪಠ್ಯ ಬರೆಯಲು ಕೂತಾಗ ನಿಮಗೆ ಒಂದು ಹೊಸ ಹೆಸರು ಸೇರಿಸಬೇಕು ಅನ್ನಿಸಿದರೆ ಸೇರಿಸಿ, ಆದರೆ ಒಂದನ್ನು ತೆಗೆದು ಸೇರಿಸಿ. ನನ್ನ ಪಟ್ಟಿಯಿಂದ ತೆಗೆಯುವುದಾದರೆ ಕೇನ್ ತೆಗೆಯಿರಿ, ನನಗೆ ಬೇಸರವಿಲ್ಲ, ಮಕ್ಕಳು ಅದನ್ನು ಹೇಗೂ ನೋಡುತ್ತಾರೆ. 'ಟೋಕಿಯೋ ಸ್ಟೋರಿ' ಎರಡನೇ ವರ್ಷಕ್ಕೆ ಹಾಕುತ್ತೇವೆ ಅಂದರೂ ಒಪ್ಪುತ್ತೇನೆ. ಕೀಟನ್ ತೆಗೆದರೆ ಮಾತ್ರ ಇನ್ನೊಂದು ಪತ್ರ ಬರೆಯುತ್ತೇನೆ, ಅದು ಇಷ್ಟು ಮರ್ಯಾದೆಯಾಗಿ ಇರುವುದಿಲ್ಲ.

ಇಂತಿ ನಿಮ್ಮ,
ಒಬ್ಬ ಸಂಕಲನಕಾರ